ಮುತ್ತುಗದ ಕೆಳಗಿನ ಹೆಸರು
ಗುರುಗ್ರಾಮದ ಅರಾವಳಿ ಉದ್ಯಾನದಲ್ಲಿ ಈ ವಾರ ಮುತ್ತುಗ ಹೂಬಿಟ್ಟಿದೆ. ಗಿಳಿಯ ಕೊಕ್ಕಿನಂಥ ಕೇಸರಿ ಹೂಗಳ ಕೆಳಗೆ ಫಲಕ: ಬ್ಯುಟಿಯಾ ಮೋನೋಸ್ಪರ್ಮಾ. ಬ್ಯುಟಿಯಾ ಎಂದರೆ ಲಾರ್ಡ್ ಬ್ಯೂಟ್, 1762ರಲ್ಲಿ ಬ್ರಿಟನ್ನಿನ ಪ್ರಧಾನಿಯಾದವನು. ಭಾರತಕ್ಕೆ ಕಾಲಿಡದವನ ಹೆಸರು ನಮ್ಮ ಊಟದೆಲೆಯ ಮರಕ್ಕೆ ಅಂಟಿತು. ಆದರೆ ಸಸ್ಯಶಾಸ್ತ್ರಜ್ಞ ರಾಕ್ಸ್‌ಬರ್ಗ್‌ಗಾಗಿ ಎರಡೂವರೆ ಸಾವಿರಕ್ಕೂ ಹೆಚ್ಚು ಸಸ್ಯಚಿತ್ರ ಬರೆದ ನಮ್ಮ ಕಲಾವಿದರು ಬಹುಪಾಲು ಅನಾಮಿಕರಾಗಿಯೇ ಹೋದರು. ಮೊಗಲ್ ಚಿತ್ರಕಾರ ಮನ್ಸೂರನ ಕೈಚಳಕಕ್ಕೆ ಸಾಮ್ರಾಟ ಜಹಾಂಗೀರ್ ‘ನಾದಿರ್-ಉಲ್-ಅಸ್ರ್’ (ಯುಗದ ಅದ್ಭುತ) ಎಂಬ ಬಿರುದು ಕೊಟ್ಟು ಆಗಲೇ ಒಂದೂವರೆ ಶತಮಾನವೇ ಕಳೆದಿತ್ತು! ಇಂಥ ಅನಾಮಿಕರಲ್ಲಿ ನನ್ನನ್ನು ಹೆಚ್ಚು ಕಾಡುವವನು ಶಿವಮೊಗ್ಗದ ಚಿತ್ರಗಾರ. 1840ರ ದಶಕದಲ್ಲಿ ಅಲ್ಲಿದ್ದ ವೈದ್ಯ ಹ್ಯೂ ಕ್ಲೆಗಾರ್ನ್ ಒಬ್ಬ ಮರಾಠಿ ಚಿತ್ರಗಾರನಿಂದ ದಿನಕ್ಕೊಂದು ಗಿಡ ಬರೆಸಿದ. ಕೊಯ್ದ ಹೂ ಬಾಡುವ ಮೊದಲೇ ಅದರ ಬಣ್ಣ ಹಿಡಿಯಬೇಕು, ಎಸಳು ಬಿಡಿಸಿ ಕೇಸರ ತೋರಿಸಬೇಕು; ಮಲೆನಾಡಿನ ಮಳೆಗಾಲದಲ್ಲಿ ಕಾಗದ ಒಣಗಲು ಆ ಚಿತ್ರಗಾರ ಎಷ್ಟು ಕಾದನೋ. ಆ ಹಾಳೆಗಳು ಎಡಿನ್‌ಬರೋದಲ್ಲಿ ಭದ್ರವಾಗಿವೆ, ಅವನ ಹೆಸರಿಲ್ಲ. ಹೆಸರಿಸುವುದು ಅಸಾಧ್ಯವೇನೂ ಆಗಿರಲಿಲ್ಲ. ಮದರಾಸು ಪ್ರಾಂತ್ಯದಲ್ಲಿ ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟ್ ತನ್ನ ಕಲಾವಿದ ಗೋವಿಂದುವಿನ ಗೌರವಾರ್ಥ ಒಂದು ಆರ್ಕಿಡ್ ಕುಲವನ್ನೇ ಗೋವಿಂದೂಯಿಯಾ ಎಂದು ಕರೆದ. ಮುಂದೆ ಸಸ್ಯಶಾಸ್ತ್ರಜ್ಞರು ಅದನ್ನು ಟ್ರೊಪಿಡಿಯಾ ಕುಲಕ್ಕೆ ಸೇರಿಸಿದರು. ಗೋವಿಂದು ಅಳಿಸಿಹೋದ, ಬ್ಯೂಟ್ ಇನ್ನೂ ಫಲಕದ ಮೇಲಿದ್ದಾನೆ.