ಮಗನ ಕೈಯಲ್ಲಿ ಆಕಾಶ ಯುದ್ಧ

ಪರೀಕ್ಷೆ ಹತ್ತಿರ ಬಂತೆಂದರೆ ತಾಯಂದಿರ ಬಾಯಲ್ಲಿ ಒಂದೇ ದೂರು. “ಪಾಠದ ಪುಸ್ತಕದೊಳಗೆ ಕಾಮಿಕ್ಸ್ ಇಟ್ಕೊಂಡು ಓದ್ತಾನೆ ಕಣ್ರೀ, ಏನ್ ಮಾಡೋದು?” ಸೋದರಿಯರೇ, ಕಿತ್ತು ಒಲೆಗೆ ಹಾಕುವ ಮುಂಚೆ ಒಂದು ಮಾತು ಕೇಳಲೇ? ಅದರಲ್ಲಿ ಏನಿದೆ ಅಂತ ನೀವು ನೋಡಿದ್ದೀರಾ?

ನಮ್ಮ ಮನೆಯಲ್ಲೂ ಇದೇ ಜಗಳ. ಒಂಬತ್ತನೇ ತರಗತಿಯ ನನ್ನ ಮಗನಿಗೆ ಅವನ ಸೋದರಮಾವ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಯಿಂದ ಒಂದು ಇಂಗ್ಲಿಷ್ ಕಾಮಿಕ್ಸ್ ತಂದುಕೊಟ್ಟ. ನಮ್ಮ ಯಜಮಾನರು ಅದನ್ನು ಕಂಡಿದ್ದೇ, “ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಇವ್ನು ರಾಕ್ಷಸರ ಚಿತ್ರ ನೋಡ್ಕೊಂಡು ಕೂತವ್ನೆ, ಹರಿದುಹಾಕ್ತೀನಿ” ಅಂದರು. ಪಾಠದ ಪುಸ್ತಕ ಬಿಟ್ಟರೆ ಬೇರೆ ಒಂದು ಪುಟವನ್ನೂ ತಾನಾಗಿ ಓದದ ಹುಡುಗ, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದುತ್ತಿದ್ದ. ಅದನ್ನು ಹರಿದರೆ ಇನ್ನು ಯಾವ ಪುಸ್ತಕ ಹಿಡಿದಾನು ಅಂತ ನನಗೆ ಭಯ. “ನಾನು ಅವರೆಕಾಯಿ ಸುಲಿಯೋವಾಗ ಆ ಕಥೆಯನ್ನ ಕನ್ನಡದಲ್ಲಿ ಹೇಳು, ಆಮೇಲೆ ನೋಡೋಣ” ಅಂದೆ.

ಅದು ‘ಅವೆಂಜರ್ಸ್’ ಮಾಲೆಯ 97ನೆಯ ಸಂಚಿಕೆ. ಮೊದಲು ಅಚ್ಚಾದದ್ದು 1972ರಲ್ಲಿ. ಬರೆದವರು ರಾಯ್ ಥಾಮಸ್, ಚಿತ್ರ ಜಾನ್ ಬುಸೇಮಾ ಅವರದು. ಕ್ರೀ, ಸ್ಕ್ರಲ್ ಎಂಬ ಎರಡು ಜನಾಂಗಗಳು ನಕ್ಷತ್ರಗಳ ನಡುವೆ ಕಾದಾಡುತ್ತವೆ, ಮಧ್ಯೆ ನಮ್ಮ ಭೂಮಿ ಸಿಕ್ಕಿಕೊಂಡಿದೆ. ಬಲಶಾಲಿ ವೀರರೆಲ್ಲ ಇದ್ದರೂ ಯುದ್ಧ ನಿಲ್ಲಿಸುವುದು ರಿಕ್ ಜೋನ್ಸ್ ಎಂಬ ಸಾಧಾರಣ ಹುಡುಗ. ಅವನೊಳಗೆ ಮಲಗಿದ್ದ ಒಂದು ಶಕ್ತಿ ಎದ್ದು, ಚಿಕ್ಕಂದಿನಲ್ಲಿ ಓದಿದ ಹಳೇ ಕಾಮಿಕ್ಸಿನ ವೀರರು ಅವನ ನೆನಪಿನಿಂದಲೇ ಎದ್ದುಬಂದು ಶತ್ರುಗಳ ಮೇಲೆ ಬೀಳುತ್ತಾರೆ. ಕೊನೆಗೆ ಎರಡೂ ಕಡೆಯ ಸೈನ್ಯ ನಿಂತಲ್ಲೇ ಕಲ್ಲಾದ ಹಾಗೆ ನಿಂತುಬಿಡುತ್ತದೆ. ಗೆದ್ದೋರು ಯಾರೂ ಇಲ್ಲ. ಆದರೆ ಅಷ್ಟು ಮಾಡಿದ ಹುಡುಗ ಜೀವ ಹೋಗುವ ಹಾಗೆ ಕುಸಿದು ಬೀಳುತ್ತಾನೆ.

ಜಗಲಿಯಿಂದ ನಮ್ಮತ್ತೆ ಕೂಗಿದರು, “ಇದೇನ್ ಹೊಸದಾ ಮಗಾ? ಸಾಲ್ವನ ಕಥೆ ಅಲ್ವಾ?”

ನಿಜ ಕಣ್ರೀ! ವನಪರ್ವದಲ್ಲಿ ಬರುತ್ತದೆ. ಶಿಶುಪಾಲನ ಗೆಳೆಯ ಸಾಲ್ವ, ಸೌಭ ಎಂಬ ಹಾರುವ ಪಟ್ಟಣದಲ್ಲಿ ಬಂದು ದ್ವಾರಕೆಯನ್ನು ಮುತ್ತಿದ. ಕೃಷ್ಣ ಆಗ ಊರಲ್ಲಿರಲಿಲ್ಲ. ವಾಪಸು ಬಂದವನು ಸಮುದ್ರದ ಮೇಲೆ ಆ ಪಟ್ಟಣವನ್ನು ಅಟ್ಟಿಸಿಕೊಂಡು ಹೋದ. ಸಾಲ್ವ ಮಾಯೆ ಮಾಡಿ, ವಸುದೇವನೇ ಸತ್ತು ಆಕಾಶದಿಂದ ಬೀಳುವ ಹಾಗೆ ತೋರಿಸಿದಾಗ ಸಾಕ್ಷಾತ್ ಕೃಷ್ಣನೂ ಮೈಮರೆತು ಕೂತ. ಆಮೇಲೆ ಎಚ್ಚೆತ್ತು ಚಕ್ರದಿಂದ ಸೌಭವನ್ನು ಸೀಳಿದ.

ಇದನ್ನೆಲ್ಲ ಹೇಳಿ ಅತ್ತೆ ಸುಮ್ಮನಾಗಲಿಲ್ಲ. “ಅವನು ಮ್ಯಾಲೆ ಯುದ್ಧ ಮಾಡ್ತಿರೋವಾಗ್ಲೇ ಇಲ್ಲಿ ದ್ರೌಪದಿ ಸೀರೆ ಎಳೆದ್ರು ಕಣೋ” ಅಂದರು. ಕೃಷ್ಣ ಪಾಂಡವರಿಗೆ ಈ ಕಥೆ ಹೇಳುವುದೇ ಅದಕ್ಕೆ: ತಾನು ಜೂಜಿನ ಹೊತ್ತಿಗೆ ಯಾಕೆ ಬರಲಾಗಲಿಲ್ಲ ಅಂತ, ಬಂದಿದ್ದರೆ ತಡೆಯುತ್ತಿದ್ದೆ ಅಂತ. ಹುಡುಗ ಪುಸ್ತಕ ಮಡಿಸಿ ಅಜ್ಜಿಯ ಹತ್ತಿರ ಹೋಗಿ ಕೂತ. ಸಿಡಿಯುವ ಹಡಗು ಎಷ್ಟು ಅಂತ ಎಣಿಸುತ್ತಿದ್ದವನು, “ಹಂಗಾದ್ರೆ ಈ ಹಡಗಿನೊಳಗಿದ್ದೋರ ಮನೆಯವ್ರು?” ಅಂತ ಕೇಳಿದ. ಇದಕ್ಕೆ ನನ್ನ ಹತ್ತಿರವಂತೂ ಉತ್ತರ ಇರಲಿಲ್ಲ, ಅತ್ತೆ ಹತ್ತಿರವೂ ಇರಲಿಲ್ಲ.

ಚಿತ್ರದಲ್ಲಿ ಕಥೆ ಹೇಳುವುದು ನಮಗೇನೂ ಹೊರಗಿನಿಂದ ಬಂದದ್ದಲ್ಲ. ನಮ್ಮ ಮಂಡ್ಯ ತಾಲ್ಲೂಕಿನದೇ ಬಸರಾಳಿಗೆ ಹೋಗಿ ನೋಡಿ. 1234ರ ಮಲ್ಲಿಕಾರ್ಜುನ ದೇವಸ್ಥಾನದ ಗೋಡೆಯ ಮೇಲೆ ರಾಮಾಯಣ, ಭಾರತ, ಭಾಗವತ ಸಾಲುಸಾಲಾಗಿ ಕೆತ್ತಿವೆ. ಗೋಡೆಯ ಜತೆ ನಡೆಯುತ್ತಾ ಹೋದರೆ ಕಥೆಯೂ ನಡೆಯುತ್ತದೆ. ಇನ್ನು ಅಮರ ಚಿತ್ರಕಥೆ ಮೊದಲು ಕನ್ನಡದಲ್ಲೇ ಬಂತು ಅಂದರೆ ಎಷ್ಟು ಜನ ನಂಬುತ್ತೀರಿ? 1965ರಲ್ಲಿ ಬೆಂಗಳೂರಿನ ಇಂಡಿಯಾ ಬುಕ್ ಹೌಸಿನ ಜಿ. ಕೆ. ಅನಂತರಾಮ್ ಶುರು ಮಾಡಿದರು. ಮೊದಲ ಹತ್ತು ಪುಸ್ತಕ ಪರದೇಶದ ಅದ್ಭುತ ಕಥೆಗಳು. ಆದ್ದರಿಂದಲೇ ‘ಕೃಷ್ಣ’ನಿಗೆ 11ನೆಯ ಸಂಖ್ಯೆ. ಆ ಮಾಲೆಯನ್ನು ದೇಶಕ್ಕೆಲ್ಲ ಹರಡಿದ ಅನಂತ ಪೈ ನಮ್ಮ ಕಾರ್ಕಳದವರು.

ನನಗೆ ಹೊಟ್ಟೆಯುರಿಯುವುದು ಇಲ್ಲೇ. ನಾನು ಚಿಕ್ಕವಳಿದ್ದಾಗ ಚಂದಮಾಮಕ್ಕೆ ಕಿತ್ತಾಡುತ್ತಿದ್ದೆವು. ಈಗ ಅದೂ ನಿಂತುಹೋಗಿ ವರ್ಷಗಳಾದವು. ಕನ್ನಡ ಶಾಲೆಯ ಹುಡುಗ ಒಂದು ಆಕಾಶ ಯುದ್ಧ ಓದಬೇಕೆಂದರೆ ಡಿಕ್ಷನರಿ ಹಿಡಿಯಬೇಕು.

ಅಂತೂ ನಮ್ಮ ಮನೆಯಲ್ಲಿ ಒಪ್ಪಂದವಾಗಿದೆ. ಮೊದಲು ಹತ್ತು ಲೆಕ್ಕ, ಆಮೇಲೆ ಕಾಮಿಕ್ಸ್. ಪ್ರತಿ ಪುಟದ ಮಾತನ್ನೂ ಹಳೇ ನೋಟುಬುಕ್ಕಿನಲ್ಲಿ ಕನ್ನಡದಲ್ಲಿ ಬರೆಯಬೇಕು, ರಾತ್ರಿ ಊಟಕ್ಕೆ ಮುಂಚೆ ಅಜ್ಜಿಗೆ ಓದಿ ಹೇಳಬೇಕು. ಯಜಮಾನರು ಇನ್ನೂ ಗೊಣಗುತ್ತಾರೆ, ಆದರೆ ಅಜ್ಜಿಗೆ ಓದುವ ಹೊತ್ತಿಗೆ ಟೀವಿ ಸದ್ದು ಕಮ್ಮಿ ಮಾಡುತ್ತಾರೆ. ಮೊನ್ನೆಯಿಂದ ಹುಡುಗ ಗೆರೆ ಎಳೆದು ಮನೆ ಮಾಡಿಕೊಂಡು ಸೌಭದ ಚಿತ್ರ ಬರೆಯುತ್ತಿದ್ದಾನೆ. ಹಾರುವ ಪಟ್ಟಣಕ್ಕೆ ಬಾಗಿಲು ಎಲ್ಲಿಡಬೇಕು ಅಂತ ಗೊತ್ತಾಗದೆ ಅಲ್ಲಿಗೇ ನಿಂತಿದೆ.