ಹಳದಿ ದೀಪವೂ ಗ್ಯಾರೇಜಿನ ಬಿಲ್ಲೂ

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ದೀಪ ಹತ್ತಿತೆಂದರೆ ಭಟ್ಕಳ, ಹೊನ್ನಾವರ, ಕುಮಟಾದ ಗಾಡಿ ಮಾಲಕರ ಎದೆ ಧಸಕ್ ಎನ್ನುತ್ತದೆ. ಬಿಲ್ಲು ಎಷ್ಟಾದೀತೋ ಎಂಬ ಹೆದರಿಕೆ!

ಮೊನ್ನೆ ನಮ್ಮ ಪರಿಚಯದ ಅಂಗಡಿಕಾರರೊಬ್ಬರಿಗೆ ಇದೇ ಆಯಿತು. ಗ್ಯಾರೇಜಿನಲ್ಲಿ ಸ್ಕ್ಯಾನರ್ ಚುಚ್ಚಿ ನೋಡಿದರು, ‘ಸೆನ್ಸರ್ ಹೋಗಿದೆ’ ಎಂದರು, ಹೊಸತು ಹಾಕಿದರು. ನಾಲ್ಕೇ ದಿನಕ್ಕೆ ದೀಪ ಮತ್ತೆ ಹತ್ತಿತು. ಕೊನೆಗೆ ಸಿಕ್ಕಿದ್ದು ಬಿರುಕು ಬಿಟ್ಟ ರಬ್ಬರ್ ಪೈಪು. ಎಂತ ಹೇಳೋದು ಮಾರಾಯ್ರೆ?

ಈಗ ಅವರು ಸ್ವಂತಕ್ಕೊಂದು ಸ್ಕ್ಯಾನರ್ ಕೊಳ್ಳಲು ಹೊರಟಿದ್ದಾರೆ. ಕೊಳ್ಳಲಿ, ಒಳ್ಳೆಯದೇ. ಆದರೆ ನೋಡಿ ಕೊಳ್ಳಲಿ.

ಮೊದಲು ಗಾಡಿಯ ವಯಸ್ಸು. ನಮ್ಮ ದೇಶದಲ್ಲಿ ಭಾರತ್ ಸ್ಟೇಜ್ ನಾಲ್ಕರ ಕಾರುಗಳಿಗೆ ಈ ತಪಾಸಣಾ ವ್ಯವಸ್ಥೆಯ ಮೊದಲ ಹಂತ ಬಂದದ್ದು 2010ರಲ್ಲಿ, ಎರಡನೆಯದು 2013ರಲ್ಲಿ. ಆಮೇಲಿನ ಕಾರುಗಳಲ್ಲಿ ಸ್ಟೇರಿಂಗಿನ ಕೆಳಗಡೆ 16 ಪಿನ್ನಿನ ಸಾಕೆಟ್ ಇರುತ್ತದೆ, ಸಾಮಾನ್ಯ ಸ್ಕ್ಯಾನರ್ ಸಾಕು. ಅದಕ್ಕಿಂತ ಹಳೆಯ ಗಾಡಿಗೆ ಸಾಕೆಟ್ ಇದ್ದರೂ ಅದರ ಭಾಷೆ ಬೇರೆ ಇರಬಹುದು. ‘ನನ್ನ ಗಾಡಿಗೇ ಹಾಕಿ ತೋರಿಸಿ’ ಎಂದು ಮಾರುವವರಿಗೆ ಹೇಳಲು ನಾಚಿಕೆ ಯಾಕೆ? ಲಾರಿ, ಬಸ್ಸಿನವರು ಮಾತ್ರ ಕಾರಿನ ಸ್ಕ್ಯಾನರಿನ ಆಸೆ ಬಿಡಬೇಕು. ಅವುಗಳಲ್ಲಿ ಹೆಚ್ಚಿನವು 24 ವೋಲ್ಟಿನವು.

ಕೆಲವು ನೂರು ರೂಪಾಯಿಗೆ ಬ್ಲೂಟೂತ್ ಸ್ಕ್ಯಾನರ್ ಸಿಗುತ್ತದೆ, ಮೊಬೈಲಿನಲ್ಲೇ ನೋಡಬಹುದು. ಆದರೆ ಅಗ್ಗದವುಗಳಲ್ಲಿ ನಕಲಿ ಚಿಪ್ಪಿನವು ಬಹಳ. ಎಬಿಎಸ್, ಏರ್‌ಬ್ಯಾಗ್ ದೀಪ ಹತ್ತಿದರೆ ಸಾಮಾನ್ಯವಾಗಿ ಅವು ಬಾಯಿ ಬಿಡುವುದಿಲ್ಲ. ನಮ್ಮನ್ನು ಕೇಳಿದರೆ, ಓಡುವ ಎಂಜಿನ್ನಿನ ಅಂಕಿಗಳನ್ನೂ, ದೀಪ ಹತ್ತಿದ ಗಳಿಗೆಯ ದಾಖಲೆಯಾದ ಫ್ರೀಜ್ ಫ್ರೇಮನ್ನೂ ತೋರಿಸುವ ಸ್ಕ್ಯಾನರಿಗೆ ನಾಲ್ಕು ಕಾಸು ಹೆಚ್ಚು ಕೊಡುವುದು ಲೇಸು.

ಯಾಕೆಂದರೆ ಬರಿಯ ಕೋಡಿನಿಂದ ಯಾವ ಸಾಮಾನು ಹಾಳಾಗಿದೆ ಎಂದು ತಿಳಿಯದು. ಪಿ 0171 ಎಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುತ್ತಿಲ್ಲ, ಅಷ್ಟೇ. ಪೈಪು ಸೋರುತ್ತಿರಬಹುದು, ಪೆಟ್ರೋಲ್ ಪಂಪು ಸೋತಿರಬಹುದು, ಗಾಳಿ ಅಳೆಯುವ ಸೆನ್ಸರಿಗೆ ಕೊಳೆ ಕೂತಿರಬಹುದು. ನಮ್ಮ ಕಡಲ ಗಾಳಿಗೆ ಕನೆಕ್ಟರ್ ತುಕ್ಕು ಹಿಡಿಯುತ್ತದೆ, ಮಳೆಗಾಲದಲ್ಲಿ ಬಾನೆಟ್ಟಿನೊಳಗೆ ಬೆಚ್ಚಗೆ ಕೂತ ಇಲಿ ವಯರ್ ಕಡಿಯುತ್ತದೆ. ಸ್ಕ್ಯಾನರ್ ಇಲಿಯ ಹೆಸರು ಹೇಳೀತೇ?

ಇನ್ನು ಕೆಲವರಿಗೆ ದೀಪ ಅಳಿಸುವ ಚಪಲ. ಗುಂಡಿ ಒತ್ತಿದರೆ ದೀಪ ಆರುತ್ತದೆ, ದೋಷ ಇದ್ದಲ್ಲೇ ಇರುತ್ತದೆ. ಫ್ರೀಜ್ ಫ್ರೇಮ್ ಕೂಡ ಅದರೊಂದಿಗೇ ಅಳಿಸಿಹೋಗುತ್ತದೆ, ಆದ್ದರಿಂದ ಮೊದಲು ಎಲ್ಲ ಬರೆದಿಡಿ. ದೀಪ ಮಿನುಗುತ್ತಿದ್ದರೆ ಎಂಜಿನ್ ಜೋರಾಗಿ ಮಿಸ್ ಹೊಡೆಯುತ್ತಿದೆ ಎಂದರ್ಥ, ಗಾಡಿ ನಿಲ್ಲಿಸಿ. ರಾತ್ರೋರಾತ್ರಿ ರೋಗಿಯನ್ನು ಕರೆದುಕೊಂಡು ಮಣಿಪಾಲಕ್ಕೆ ಓಡುವ ಜನ ನಾವು. ದೀಪ ಅಳಿಸಿದ ಬಾಡಿಗೆ ಕಾರು ಬೈಂದೂರಿನ ಆಚೆ ಕೈಕೊಟ್ಟರೆ ಏನು ಗತಿ? ದಿನಾ ಬಸ್ಸಿನಲ್ಲಿ ಓಡಾಡುವವರೂ ಅಂಥ ಹೊತ್ತಿಗೆ ಬಾಡಿಗೆ ಕಾರನ್ನೇ ಕರೆಯಬೇಕು.

ಗ್ಯಾರೇಜಿನವರ ಮೇಲೆ ನಮಗೆ ಸಿಟ್ಟಿಲ್ಲ. ಪೈಪಿನ ಬಿರುಕು ಹುಡುಕಲು ಅವರ ಕೈಯೇ ಬೇಕು, ಅದಕ್ಕೆ ಕೂಲಿ ಕೊಡಲೇಬೇಕು. ನಾವು ಕೇಳುವುದಿಷ್ಟೆ: ಸ್ಕ್ಯಾನ್ ಮಾಡಿದಾಗ ಬಂದ ಕೋಡನ್ನು ಬಿಲ್ಲಿನ ಮೇಲೆ ಬರೆದು ಕೊಡಿ, ತೆಗೆದ ಹಳೆ ಸಾಮಾನನ್ನು ಗಿರಾಕಿಯ ಕೈಗೆ ಕೊಡಿ. ಹೊನ್ನಾವರದಲ್ಲಿ ಬರೆದ ಕೋಡನ್ನು ಕುಮಟಾದ ಮೆಕ್ಯಾನಿಕ್ಕೂ ಓದಬಲ್ಲ. ಅವನಿಗೆ ಮತ್ತೆ ಮೊದಲಿನಿಂದ ಹುಡುಕುವ ಕೆಲಸ ತಪ್ಪುತ್ತದೆ, ಗಿರಾಕಿಗೆ ಎರಡನೇ ಸೆನ್ಸರಿನ ದುಡ್ಡು ಉಳಿಯುತ್ತದೆ.