ಕೇಸಿನ ಲೆಕ್ಕವೇ ಮನುಷ್ಯನ ಲೆಕ್ಕವಲ್ಲ

ಜೈಲಿನಿಂದ ಹೊರಬಂದವನು ಮತ್ತೆ ಅಪರಾಧ ಮಾಡುತ್ತಾನೋ ಇಲ್ಲವೋ ಎಂದು ಅಂಕ ಕೊಡುವ ಕಂಪ್ಯೂಟರ್ ಪ್ರೋಗ್ರಾಂಗಳು ಅಮೆರಿಕದ ಕೋರ್ಟುಗಳಲ್ಲಿ ಬಹಳ ಹಿಂದೆಯೇ ಬಳಕೆಗೆ ಬಂದಿವೆ. ಭಾರತದ ಪೊಲೀಸ್ ಇಲಾಖೆಗಳೂ ಕೃತಕ ಬುದ್ಧಿಮತ್ತೆಯತ್ತ ಹೊರಳುತ್ತಿವೆ. ಮಹಾರಾಷ್ಟ್ರ ಸರ್ಕಾರ 2024ರಲ್ಲಿ ಇದಕ್ಕೆಂದೇ ‘ಮಾರ್ವೆಲ್’ ಎಂಬ ಕಂಪನಿ ಕಟ್ಟಿತು. ಅಂಕ ಕೊಡುವ ಯಂತ್ರ ನಾಳೆ ಕರ್ನೂಲು ಜಿಲ್ಲೆಗೂ ಬಂದೀತು. ಬರುವ ಮೊದಲೇ ಆದೋನಿ, ಆಲೂರು, ಕೋಸಿಗಿ, ಹೊಳಗುಂದ ಭಾಗದ ಜನ ಕೇಳಬೇಕಾದ ಪ್ರಶ್ನೆ ಒಂದಿದೆ: ಆ ಯಂತ್ರ ಎಣಿಸುವುದಾದರೂ ಏನನ್ನು?

ಹಳೆಯ ಕೇಸೆಷ್ಟು, ಎಷ್ಟು ಸಲ ಮನೆ ಬದಲಿಸಿದ, ಗೆಳೆಯರಲ್ಲಿ ಯಾರಾದರೂ ಅರೆಸ್ಟ್ ಆಗಿದ್ದಾರಾ ಎಂಬುದನ್ನೆಲ್ಲ ಅಮೆರಿಕದ ‘ಕಂಪಾಸ್’ ಪ್ರಶ್ನಾವಳಿ ಕೇಳುತ್ತಿತ್ತು. 2016ರಲ್ಲಿ ‘ಪ್ರೊಪಬ್ಲಿಕಾ’ ಸುದ್ದಿಸಂಸ್ಥೆ ಫ್ಲಾರಿಡಾದ ಒಂದು ಕೌಂಟಿಯ ಅಂಕಗಳನ್ನು ತಾಳೆ ನೋಡಿತು. ಮತ್ತೆ ತಪ್ಪು ಮಾಡದಿದ್ದರೂ ‘ಅಪಾಯಕಾರಿ’ ಎನಿಸಿಕೊಂಡವರ ಪ್ರಮಾಣ ಬಿಳಿಯರಿಗಿಂತ ಕರಿಯರಲ್ಲಿ ಸುಮಾರು ಎರಡು ಪಟ್ಟಿತ್ತು. ತಯಾರಿಸಿದ ಕಂಪನಿ ಇದನ್ನು ಒಪ್ಪಲಿಲ್ಲ, ಆ ಮಾತು ಬೇರೆ.

ಈಗ ಗಡಿಗೆ ಬನ್ನಿ. 2019ರ ನಂತರ ಆಂಧ್ರದಲ್ಲಿ ಮದ್ಯದ ಬೆಲೆ ಏರಿತು. ಗಡಿಯಾಚೆ ಕರ್ನಾಟಕದ ಟೆಟ್ರಾ ಪ್ಯಾಕ್ ಅಗ್ಗವಿತ್ತು. ತಂದು ಸಿಕ್ಕಿಬಿದ್ದ ಹುಡುಗರ ಮೇಲೆ ಕೇಸು ಬಿದ್ದವು. 2024ರ ಅಕ್ಟೋಬರ್‌ನಲ್ಲಿ ನೀತಿ ಬದಲಾಗಿ 99 ರೂಪಾಯಿಯ ಕ್ವಾರ್ಟರ್ ಇಲ್ಲೇ ಸಿಗತೊಡಗಿತು. ನೀತಿ ಹೋಯಿತು, ಠಾಣೆಯ ದಾಖಲೆ ಹೋಗಲಿಲ್ಲ. ಅದೇ ಹುಡುಗ ಮಳೆ ಕೈಕೊಟ್ಟಾಗ ಗುಂಟೂರಿಗೋ ಬೆಂಗಳೂರಿಗೋ ಗುಳೆ ಹೋದರೆ ಯಂತ್ರದ ಕಣ್ಣಿಗೆ ‘ನೆಲೆಯಿಲ್ಲದವನು’. ಚೆಕ್‌ಪೋಸ್ಟ್ ಇದ್ದಲ್ಲಿ ಕೇಸು ಜಾಸ್ತಿ. ಹಾಗಂತ ಇಲ್ಲದ ಊರಿನವರೆಲ್ಲ ಸಾಚಾ ಅಂತಲ್ಲ.

ಮೊದಲೇ ಹಣೆಪಟ್ಟಿ ಹಚ್ಚುವ ಚಾಳಿ ಹೊಸದಲ್ಲ. 1871ರಲ್ಲಿ ಮೊದಲು ಬಂದು ಆಮೇಲೆ ವಿಸ್ತರಿಸಿದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಸಮುದಾಯಗಳನ್ನೇ ಅಪರಾಧಿಗಳೆಂದು ಬರೆಯಿತು. ಆದೋನಿ ಬಳ್ಳಾರಿ ಜಿಲ್ಲೆಯಲ್ಲಿದ್ದ ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ ಯೆರುಕಲರು, ಅಂದರೆ ಕೊರಚರು, ಅದರ ಬಿಸಿ ಉಂಡವರು. ಕಾಯ್ದೆ 1952ರಲ್ಲಿ ರದ್ದಾಯಿತು, ಗುಮಾನಿ ರದ್ದಾಗಲಿಲ್ಲ. ಹಿಂದುಳಿದ ಸಮುದಾಯಗಳ ಅಮಾಯಕರ ಹೆಸರನ್ನು ಹಿಸ್ಟರಿ ಶೀಟಿನಲ್ಲಿ ಯಾಂತ್ರಿಕವಾಗಿ ಬರೆಯಬಾರದೆಂದು ಸುಪ್ರೀಂ ಕೋರ್ಟು 2024ರ ಮೇನಲ್ಲೂ ಹೇಳಬೇಕಾಯಿತು. ಅಂಥ ಶೀಟುಗಳನ್ನೇ ಕಂಪ್ಯೂಟರ್‌ಗೆ ಉಣಿಸಿದರೆ ಹೊರಬರುವುದೂ ಅದೇ ಗುಮಾನಿ.

ಸಿಬ್ಬಂದಿ ಕಡಿಮೆ, ಯಾರ ಮೇಲೆ ಕಣ್ಣಿಡಬೇಕು ಎಂಬ ಪೊಲೀಸರ ಕಷ್ಟ ಸುಳ್ಳಲ್ಲ. ಆದರೆ ಯಂತ್ರ ತರುವುದಾದರೆ ಷರತ್ತುಗಳೂ ಜೊತೆಗೇ ಬರಲಿ. ಅಂಕ ಎಷ್ಟು, ಏಕೆ ಎಂಬುದನ್ನು ಆ ವ್ಯಕ್ತಿಗೆ ತಿಳಿಸಬೇಕು. ಕನ್ನಡ ಮಾತ್ರ ಓದಬಲ್ಲವನಿಗೆ ಕನ್ನಡದಲ್ಲೇ ಕೊಡಬೇಕು. ಖುಲಾಸೆಯಾದ ಕೇಸನ್ನು ಲೆಕ್ಕದಿಂದ ತೆಗೆಯಬೇಕು. ತಕರಾರು ಹೇಳಲು ಅವಕಾಶ ಬೇಕು. ಅಂಕ ಹೆಚ್ಚು ಬಂದವನ ಮನೆಗೆ ಮೊದಲು ಹೋಗಬೇಕಾದ್ದು ಕೂಲಿ ಕೆಲಸದ ವ್ಯವಸ್ಥೆ, ಕುಡಿತ ಬಿಡಿಸುವ ನೆರವು. ಕಾನ್‌ಸ್ಟೇಬಲ್ ಆಮೇಲೆ ಹೋಗಲಿ.